ಸದ್ದನ್ನು ನುಂಗುವ ಡಬ್ಬಿ

ಕೊಡಗಿನಲ್ಲಿ ಸದ್ದಿಗೆ ಅರ್ಥವುಂಟು. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಒಂದರ ಬೆನ್ನಿಗೆ ಒಂದರಂತೆ ಎರಡು ಗುಂಡು. ಮನೆಗಳು ದೂರದೂರ, ನಡುವೆ ಗದ್ದೆ, ತೋಟ, ಕಾಡು. ನೆರೆಯವರಿಗೆ ಬೇಗ ಸುದ್ದಿ ಮುಟ್ಟಬೇಕಾದರೆ ಕೋವಿಯೇ ದೂತ. ಸದ್ದನ್ನು ಹೀಗೆ ಎಣಿಸಿ ಬಳಸಿದ ನಾಡಿನಲ್ಲಿ, ಹಾರಂಗಿ ಅಣೆಕಟ್ಟಿನ ದಾರಿಯಲ್ಲಿ, ಯಾವ ಸುದ್ದಿಯನ್ನೂ ಹೇಳದ ಅಬ್ಬರವೊಂದು ಆಗಾಗ ಕೇಳಿಬರುತ್ತದೆ. ಅದು ಕಂಪನಿಯ ಸೈಲೆನ್ಸರನ್ನು ಕಿತ್ತು ಅಂಗಡಿಯ ಸೈಲೆನ್ಸರು ಹಾಕಿಸಿಕೊಂಡ ಪಿಕಪ್ ಗಾಡಿಯ ಆರ್ಭಟ. ಈ ತಗಡಿನ ಡಬ್ಬಿಗೂ ಒಂದು ಚರಿತ್ರೆ ಇದೆ. ಅದನ್ನು ತಿಳಿದರೆ ಆ ಆರ್ಭಟವನ್ನು ಕೇಳುವ ಬಗೆಯೂ ಬದಲಾದೀತು.

ಮೋಟಾರು ಯಂತ್ರದೊಳಗೆ ಇಂಧನ ಉರಿದು ಮುಗಿದೊಡನೆ ಹೊರಬಾಗಿಲು ತೆರೆಯುತ್ತದೆ. ಒತ್ತಡದಲ್ಲಿದ್ದ ಬಿಸಿ ಅನಿಲ ಒಮ್ಮೆಲೇ ಹೊರಕ್ಕೆ ನುಗ್ಗುತ್ತದೆ. ಒಂದೊಂದು ನುಗ್ಗಾಟವೂ ಒಂದೊಂದು ಸಣ್ಣ ಗುಂಡಿನ ಸದ್ದೇ. ಮೊದಲ ಮೋಟಾರುಗಳು ಊರಿಗೆ ಬಂದಾಗ ಜನ ಕಿವಿ ಮುಚ್ಚಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಇಂಡಿಯಾನಾ ಸಂಸ್ಥಾನದ ಕೊಲಂಬಸ್ ಪಟ್ಟಣದಲ್ಲಿ ಮೋಟಾರು ಗಾಡಿಯೊಂದನ್ನು ಕಟ್ಟಿದ ಮಿಲ್ಟನ್ ರೀವ್ಸ್ ಮತ್ತು ಅವರ ಸಹೋದರ ಮಾರ್ಷಲ್ ರೀವ್ಸ್, 1897ರಲ್ಲಿ ಈ ಸದ್ದನ್ನು ಅಡಗಿಸುವ ಸಾಧನಕ್ಕೆ ಪೇಟೆಂಟು ಪಡೆದರು.

ಇದರ ಮುಂದಿನ ಕಥೆ ಕೋವಿಯ ನಾಡಿನವರಿಗೆ ರುಚಿಸುವಂಥದು. ಮೆಷಿನ್‌ಗನ್ ಕಂಡುಹಿಡಿದ ಹೈರಮ್ ಮ್ಯಾಕ್ಸಿಮ್ ಅವರ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್, 1909ರಲ್ಲಿ ಕೋವಿಯ ಸದ್ದಡಗಿಸುವ ಕೊಳವೆಗೆ ಪೇಟೆಂಟು ಪಡೆದರು. ಅವರ ಕಂಪನಿ ಮುಂದೆ ಯಂತ್ರಗಳಿಗೂ ಸೈಲೆನ್ಸರು ಮಾಡಿತು. ತಂದೆ ಲೋಕಕ್ಕೆ ಕೊಟ್ಟ ಗದ್ದಲವನ್ನು ಮಗ ತಗ್ಗಿಸಲು ಹೊರಟನೆನ್ನಬೇಕು! ತತ್ತ್ವ ಎರಡಕ್ಕೂ ಒಂದೇ: ಇಕ್ಕಟ್ಟಿನಿಂದ ಬರುವ ಅನಿಲಕ್ಕೆ ಹಿಗ್ಗಲು ಒಂದು ಕೋಣೆ ಕೊಡುವುದು, ಅಡ್ಡಗೋಡೆಗಳ ನಡುವೆ ಸುತ್ತಿಸುವುದು, ಅದರ ರಭಸವನ್ನು ಕಳೆದು ಹೊರಕ್ಕೆ ಬಿಡುವುದು.

ಕೊಡಗಿಗೆ ಈ ಡಬ್ಬಿ ಬಂದದ್ದು ಮೋಟಾರಿನ ಜೊತೆಯಲ್ಲಿ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ರಸ್ತೆಗಳು ಬೆಳೆದವು, ಕಾಫಿ ತೋಟಗಳು ಹಬ್ಬಿದವು. ಕಾಫಿಯ ಮೂಟೆಗಳು ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದವು. ಇಂದಿಗೂ ಈ ಜಿಲ್ಲೆಯಲ್ಲಿ ರೈಲು ಓಡಿಲ್ಲ. ಆದುದರಿಂದ ಇಲ್ಲಿ ಯಂತ್ರಯುಗದ ದನಿ ಎಂದರೆ ರೈಲಿನ ಕೂಗಲ್ಲ; ಬಸ್ಸು, ಲಾರಿ, ಜೀಪುಗಳ ಸದ್ದು. ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ವಿಲ್ಲಿಸ್ ಜೀಪನ್ನು 1947ರಿಂದ ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಆ ಕೆಲಸ ಹಿಡಿದ ಸಂಸ್ಥೆ 1945ರಲ್ಲಿ ‘ಮಹೀಂದ್ರ ಅಂಡ್ ಮೊಹಮ್ಮದ್’ ಎಂಬ ಹೆಸರಿನಿಂದ ಹುಟ್ಟಿತ್ತು. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೋದುದರಿಂದ 1948ರಲ್ಲಿ ಅದು ‘ಮಹೀಂದ್ರ ಅಂಡ್ ಮಹೀಂದ್ರ’ ಆಯಿತು. ಕೆಸರು, ಏರು, ತಿರುವುಗಳ ಕೊಡಗು ಜೀಪನ್ನು ಮನೆಯ ಮಗನಂತೆ ಅಪ್ಪಿಕೊಂಡಿತು. ಇಂದಿನ ಪಿಕಪ್ಪು ಅದೇ ವಂಶದ ಕುಡಿ.

ಹಾರಂಗಿ ನದಿ ಪುಷ್ಪಗಿರಿಯ ಕಡೆಯ ಬೆಟ್ಟಗಳಿಂದ ಇಳಿದು ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಊರಿನ ಹೆಸರೇ ಆ ಕೂಟವನ್ನು ಹೇಳುತ್ತದೆ. 1982ರಲ್ಲಿ ಮುಗಿದ ಅಣೆಕಟ್ಟಿನ ಎತ್ತರ 53 ಮೀಟರು, ಉದ್ದ 846 ಮೀಟರು. ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದೊಡನೆ ನಾವು ಹುಡುಕುವ ಅಂಕಿಗಳಲ್ಲಿ ಹಾರಂಗಿಯ ಗರಿಷ್ಠ ಮಟ್ಟ 2859 ಅಡಿ ಎಂಬುದೂ ಒಂದು. ಜಲಾಶಯವನ್ನು ತುಂಬಿಸುವ ಆ ಮಳೆಯೇ ಗಾಡಿಗಳ ಹೊಟ್ಟೆಯಡಿಯ ಕಬ್ಬಿಣವನ್ನು ತಿನ್ನುತ್ತದೆ. ಆದರೆ ಸೈಲೆನ್ಸರಿಗೆ ಹೊರಗಿನ ಶತ್ರುವಿಗಿಂತ ಒಳಗಿನ ಶತ್ರು ದೊಡ್ಡದು. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು ಒಂದು ಲೀಟರು ನೀರು ಆವಿಯಾಗಿ ಹುಟ್ಟುತ್ತದೆ. ದೂರದ ಪ್ರಯಾಣದಲ್ಲಿ ಅದು ಹೊರಗೆ ಹಾರಿಹೋಗುತ್ತದೆ. ತೋಟದಿಂದ ಕಣಕ್ಕೆ, ಕಣದಿಂದ ಪೇಟೆಗೆ ಎಂಬ ಮೊಟಕು ಓಡಾಟದಲ್ಲಿ ಡಬ್ಬಿ ಕಾಯುವುದೇ ಇಲ್ಲ. ಆವಿ ಒಳಗೇ ತಣಿದು ನೀರಾಗಿ ನಿಂತು ತಗಡನ್ನು ಕೊರೆಯುತ್ತದೆ.

ಹೀಗೆ ತೂತಾದ ಸೈಲೆನ್ಸರು ಬದಲಾಯಿಸಲು ಬಂದ ಪಿಕಪ್ಪೊಂದನ್ನು ಕುಶಾಲನಗರದ ಒಂದು ಗ್ಯಾರೇಜಿನಲ್ಲಿ ನಾನು ಕಂಡೆ. ಮಾಲೀಕನಿಗೆ ‘ಸ್ವಲ್ಪ ಗತ್ತಿನ ಸದ್ದು’ ಬೇಕಾಗಿತ್ತು. ಕೊಳವೆಯನ್ನು ನಡುವಿನಲ್ಲೇ ಮೊಟಕಾಗಿಸಿ ಬಿಡೆಂದ. ಮೆಕ್ಯಾನಿಕ್ಕು ಗಾಡಿಯಡಿಯಿಂದ ತಲೆ ಹೊರಹಾಕಿ, “ಅಣ್ಣಾ, ಹಿಂದೆ ಆಳುಗಳನ್ನ ಕೂರಿಸ್ತೀರಲ್ಲ, ಅವರು ಹೊಗೆ ಕುಡೀಬೇಕಾ?” ಎಂದು ಕೇಳಿದ. ಮಾಲೀಕ ಮಾತಾಡಲಿಲ್ಲ. ಸದ್ದು ಕಿವಿಗೆ ತಿಳಿಯುತ್ತದೆ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೆಳಗಿನ ಚಳಿಗೆ ಟಾರ್ಪಾಲು ಎಳೆದುಕೊಂಡು ಹಿಂದೆ ಕುಳಿತವರಿಗೆ ಅದು ಕೇಡು ಮಾಡಬಲ್ಲದು.

ಆ ಮೆಕ್ಯಾನಿಕ್ಕು ಮಾಡಿದ ಕೆಲಸ ನೋಡತಕ್ಕದ್ದಾಗಿತ್ತು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಕುಡಿಸಿ ಕಾದ. ಹಳೆಯ ಕೊಳವೆಯ ಒಳ ಅಗಲವನ್ನು ಅಳೆದು ಅದೇ ಅಳತೆಯ ಡಬ್ಬಿ ಆರಿಸಿದ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿದ. ಹೊಸ ಗ್ಯಾಸ್ಕೆಟ್ಟು, ಹೊಸ ರಬ್ಬರು ಹ್ಯಾಂಗರು ಹಾಕಿದ. ಎಲ್ಲವನ್ನೂ ಮೊದಲು ಸಡಿಲವಾಗಿ ಜೋಡಿಸಿ, ಬ್ರೇಕಿನ ಕೊಳವೆಗೂ ಡೀಸೆಲ್ ಟ್ಯಾಂಕಿಗೂ ತಾಗದಂತೆ ನೋಡಿ, ಯಂತ್ರದ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿದ. ಕೊನೆಗೆ ಜೋಡಣೆಗಳಿಗೆ ಸೋಪುನೀರು ಸವರಿ ಗುಳ್ಳೆ ಏಳುವುದೇ ಎಂದು ಪರೀಕ್ಷಿಸಿದ. ಕೊಳವೆಯ ತುದಿಯನ್ನು ಗಾಡಿಯ ಹಿಂಬದಿಯಿಂದ ಆಚೆಗೇ ತಂದ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. ಆರರ ಗಾಡಿಗಳಲ್ಲಿ ಹೊಗೆ ಶೋಧಿಸುವ ಭಾಗಗಳೂ ಈ ಸಾಲಿನಲ್ಲೇ ಇರುವುದರಿಂದ ಅಲ್ಲಿ ಗರಗಸ ಹಿಡಿಯುವುದು ಇನ್ನೂ ದೊಡ್ಡ ತಪ್ಪು.

ಕಾನೂನೂ ಈ ಮಾತನ್ನೇ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯದು, ಪ್ರತಿಯೊಂದು ವಾಹನಕ್ಕೂ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರು ಇರಬೇಕೆನ್ನುತ್ತದೆ. 2019ರ ತಿದ್ದುಪಡಿಯ ಮೇಲೆ ಸದ್ದಿನ ಮಿತಿ ಮೀರಿದವನಿಗೆ 10,000 ರೂಪಾಯಿಯವರೆಗೆ ದಂಡವೋ ಮೂರು ತಿಂಗಳವರೆಗೆ ಸೆರೆಯೋ ಎರಡೂ ಆಗಬಹುದು. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಮೇಲೆ ರೋಡ್‌ರೋಲರು ಓಡಿಸಿದ್ದಾರೆ.

ದಂಡಕ್ಕಿಂತ ದೊಡ್ಡ ಕಾರಣವೊಂದು ಹಾರಂಗಿಯ ಸುತ್ತಲಿನ ಕಾಡಿನಲ್ಲಿದೆ. ಆನೆಗಳು ನಮ್ಮ ಕಿವಿಗೆ ಕೇಳದ ತಗ್ಗುದನಿಯಲ್ಲಿ ಮಾತಾಡುತ್ತವೆ ಎಂಬುದನ್ನು ಕೇಟಿ ಪೇನ್ ಎಂಬ ವಿಜ್ಞಾನಿ 1984ರಲ್ಲಿ ಒಂದು ಮೃಗಾಲಯದಲ್ಲಿ ಗುರುತಿಸಿದರು. ಅವರು ಅಳೆದ ಏಷ್ಯಾದ ಆನೆಗಳ ದನಿ ಸೆಕೆಂಡಿಗೆ 14ರಿಂದ 24 ಕಂಪನ. ಈಗ ಪಿಕಪ್ಪನ್ನು ನೋಡಿ: ನಾಲ್ಕು ಸಿಲಿಂಡರಿನ ಯಂತ್ರ ನಿಮಿಷಕ್ಕೆ 750 ಸುತ್ತಿನಂತೆ ಸುಮ್ಮನೆ ನಿಂತು ಗುರುಗುಟ್ಟಿದರೆ ಸೆಕೆಂಡಿಗೆ 25 ಸಿಡಿತ. ನಾವು ಗತ್ತೆಂದು ಕೊಳ್ಳುವ ಸದ್ದು, ಆನೆ ತನ್ನ ಮರಿಯನ್ನು ಕರೆಯುವ ದನಿಯ ಮಗ್ಗುಲಿಗೇ ಬಂದು ಕುಳಿತಿದೆ.

ಸದ್ದು ಹೆಚ್ಚಿದರೆ ಬಲ ಹೆಚ್ಚಿತೆಂಬುದು ಹಳೆಯ ಭ್ರಮೆ. ಒಂದು ಗುಂಡು ಹುಟ್ಟನ್ನು ಸಾರುತ್ತದೆ, ಎರಡು ಗುಂಡು ಸಾವನ್ನು. ಊರೆಲ್ಲ ಕೇಳುವಂತೆ ಸದ್ದು ಮಾಡುವವನಿಗೆ ಊರಿಗೆ ಹೇಳಲು ಏನಾದರೂ ಇರಬೇಕೆಂಬುದು ಕೊಡಗಿನ ಹಿರಿಯರ ಲೆಕ್ಕ. ಸಂಜೆ ಆ ಪಿಕಪ್ಪು ಗ್ಯಾರೇಜಿನಿಂದ ಹೊರಟು ಹಾರಂಗಿಯ ಕಡೆ ತಿರುಗಿತು. ಹಿಂದೆ ನಾಲ್ಕು ಜನ ಆಳುಗಳು ಮಾತಾಡುತ್ತ ಕುಳಿತಿದ್ದರು. ಅವರ ಮಾತು ರಸ್ತೆಯ ಬದಿಗೆ ನಿಂತಿದ್ದ ನನಗೆ ಕೇಳುವಷ್ಟು ಮೆತ್ತಗೆ ಗಾಡಿ ಹೋಯಿತು.