ವೀರಗಲ್ಲಿನ ಮೇಲಣ ಪಟ್ಟಿಕೆ: ಮಡಿದವರ ಮತಚಿಹ್ನೆಗೆ ದೊರೆತ ಮನ್ನಣೆ

ಕಾದಿ ಮಡಿದವನ ಸ್ಮಾರಕದ ಮೇಲೆ ಯಾರ ದೇವರ ಗುರುತು ಇರತಕ್ಕದ್ದು? ಅರಸನದೋ, ಊರಿನ ಬಹುಜನರದೋ, ಮಡಿದವನದೋ? ಈ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಅಮೆರಿಕದಲ್ಲಿ ವಿಕ್ಕಾ ಎಂಬ ಸಣ್ಣ ಮತದ ಸೈನಿಕರ ಗೋರಿಗಳ ಮೇಲೆ ಪಂಚಕೋನ ನಕ್ಷತ್ರದ ಗುರುತನ್ನು ಕೆತ್ತಲು ಅಲ್ಲಿಯ ಸರಕಾರ ಒಪ್ಪಿದುದು 2007ರಲ್ಲಿ, ಅದೂ ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ. ಕನ್ನಡ ನಾಡಿನಲ್ಲಾದರೋ ಇದೇ ಪ್ರಶ್ನೆಗೆ ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಕೊಟ್ಟ ಉತ್ತರವೊಂದಿದೆ. ಅದನ್ನು ಧಾರವಾಡ ಸೀಮೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ವೀರಗಲ್ಲಿನ ರಚನೆ ಓದುಗರಿಗೆ ಪರಿಚಿತವಾದುದೇ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ಕಾಳಗ, ಅದು ತುರುಗೊಳ್ ಆಗಿರಬಹುದು, ಪೆಣ್ಬುಯ್ಯಲ್ ಆಗಿರಬಹುದು, ಊರಳಿವು ಆಗಿರಬಹುದು. ನಡುವಣದರಲ್ಲಿ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುತ್ತಾರೆ. ಮೇಲಣದರಲ್ಲಿ ಅವನು ತನ್ನ ಇಷ್ಟದೈವದ ಸನ್ನಿಧಿಯನ್ನು ಸೇರಿರುತ್ತಾನೆ. ಕೆಳಗಿನ ಎರಡು ಪಟ್ಟಿಕೆಗಳು ಮತಭೇದವಿಲ್ಲದೆ ಎಲ್ಲರಿಗೂ ಒಂದೇ. ಮೂರನೆಯದು ಮಾತ್ರ ಬದಲಾಗುತ್ತದೆ. ಹೆಚ್ಚಿನ ಕಲ್ಲುಗಳಲ್ಲಿ ಅಲ್ಲಿ ಲಿಂಗವೂ ಅದನ್ನು ಪೂಜಿಸುವ ಅರ್ಚಕನೂ ಇದ್ದರೆ, ಜೈನ ವೀರರ ಕಲ್ಲುಗಳಲ್ಲಿ ಆಸೀನನಾದ ಜಿನನಿರುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಲಿಂಗವನ್ನು ಕೆತ್ತುವುದು ಕಲ್ಲುಕುಟಿಗರಿಗೆ ರೂಢಿಯಾಗಿದ್ದುದರಿಂದ, ಲಿಂಗವಿದ್ದ ಮಾತ್ರಕ್ಕೆ ವೀರನು ಶೈವನೆಂದು ಸಾಧಿಸಲಾಗದು. ಆದರೆ ರೂಢಿಯನ್ನು ಬಿಟ್ಟು ಜಿನನನ್ನು ಕೆತ್ತಿದಲ್ಲಿ ಅದು ಆಕಸ್ಮಿಕವೆನ್ನುವಂತಿಲ್ಲ. ಮಡಿದವನ ಮತವನ್ನು ಬಲ್ಲ ಯಾರೋ ಒಬ್ಬರು ಅದನ್ನು ಕೇಳಿ ಕೆತ್ತಿಸಿರಬೇಕು. ಕಲ್ಲು ನಿಲ್ಲಿಸಿದ ಊರು ಅದಕ್ಕೆ ಒಪ್ಪಿರಲೂ ಬೇಕು. ಆದುದರಿಂದ ವಿರಳವಾದ ಚಿಹ್ನೆಯೇ ಇತಿಹಾಸಕಾರನಿಗೆ ಹೆಚ್ಚು ಬೆಲೆಯುಳ್ಳ ಸಾಕ್ಷಿ.

ಈ ಚಿಹ್ನೆ ಬರಿಯ ಅಲಂಕಾರವಾಗಿರಲಿಲ್ಲ. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಸಲ್ಲುತ್ತಿತ್ತು. ಕೆಲವೆಡೆ ಕಲ್ಲಿನ ಪೂಜೆಗೂ ದತ್ತಿ ಬಿಡುತ್ತಿದ್ದರು. 949-50ರ ಆತಕೂರು ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಮಣಲೆರನು ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಅದನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಗಲುವುದೆಂದು ಆ ಶಾಸನ ವಿಧಿಸುತ್ತದೆ. ಗೊರವನು ಶೈವ ತಪಸ್ವಿ. ಸ್ಮಾರಕವು ಯಾವ ಮತದ ಆಶ್ರಯಕ್ಕೆ ಸೇರಿತೆಂಬುದರ ಮೇಲೆ ಅದನ್ನು ಮುಂದೆ ಯಾರು ನೋಡಿಕೊಳ್ಳಬೇಕೆಂಬುದೂ ನಿಂತಿತ್ತೆಂದು ಇದರಿಂದ ತಿಳಿಯುತ್ತದೆ.

ಅಹಿಂಸೆಯನ್ನು ಪರಮಧರ್ಮವೆಂದು ಬಗೆಯುವ ಜೈನರಿಗೆ ವೀರಗಲ್ಲು ಹೇಗೆ ಒಪ್ಪಿತೆಂಬ ಸಂದೇಹ ಸಹಜ. ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ ಎಂಬ ವಿಭಾಗದಲ್ಲಿ ಇದಕ್ಕೆ ಸಮಾಧಾನವಿದೆ. ಶ್ರವಣಬೆಳಗೊಳದ ಹತ್ತನೆಯ ಶತಮಾನದ ಕಲ್ಲೊಂದರಲ್ಲಿ ಸಾವಿಯಬ್ಬೆ ಎಂಬ ವೀರವನಿತೆ ಕುದುರೆಯೇರಿ, ಕತ್ತಿಯೆತ್ತಿ, ಆನೆಯ ಮೇಲಿನ ಶತ್ರುವನ್ನು ಎದುರಿಸುತ್ತಿದ್ದಾಳೆ. ಪತಿ ಲೋಕವಿದ್ಯಾಧರನೊಡನೆ ಬಗೆಯೂರ ಕಾಳಗಕ್ಕೆ ಹೋಗಿ ಮಡಿದ ಅವಳನ್ನು ಶಾಸನವು ಜಿನಭಕ್ತೆಯಾದ ಶ್ರಾವಕಿಯೆಂದು ಕೊಂಡಾಡುತ್ತದೆ. ಅವಳ ಶೌರ್ಯವನ್ನಾಗಲಿ ಮತವನ್ನಾಗಲಿ ಮರೆಮಾಡುವ ಅಗತ್ಯ ಅದನ್ನು ಬರೆಯಿಸಿದವರಿಗೆ ತೋರಲಿಲ್ಲ. ಗಂಗರ ಮಾರಸಿಂಹನ ವಿಷಯವೂ ಹಾಗೆಯೇ. ಹಲವು ಯುದ್ಧಗಳನ್ನು ಗೆದ್ದ ಆ ಅರಸನು 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹಬಿಟ್ಟನು. ಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಮೇಲೆ ಅವನ ವಿಜಯಗಳೂ ಅವನ ವ್ರತವೂ ಒಟ್ಟಿಗೆ ಬಂದಿವೆ.

ಇನ್ನು ನವಲಗುಂದ ತಾಲೂಕಿನ ಮೊರಬಕ್ಕೆ ಬರೋಣ. ಯಾಪನೀಯ ಸಂಘದ ನಾಗಚಂದ್ರ ಸಿದ್ಧಾಂತದೇವನ ಸಮಾಧಿಮರಣವನ್ನು ತಿಳಿಸುವ ನಿಸಿಧಿ ಶಾಸನ ಈ ಊರಿನದು. ಇದು ಯೋಧನ ಸ್ಮಾರಕವಲ್ಲ, ಮುನಿಯ ಸ್ಮಾರಕ. ಆದರೂ ಪ್ರಸ್ತುತ ವಿಷಯಕ್ಕೆ ಇದರಿಂದ ದೊರೆಯುವ ಬೆಳಕು ಅಲ್ಪವಲ್ಲ. ಯಾಪನೀಯರು ಜೈನರೊಳಗೇ ಪ್ರತ್ಯೇಕರಾದವರು. ದಿಗಂಬರರಂತೆ ನಗ್ನರಾಗಿದ್ದೂ, ಶ್ವೇತಾಂಬರರಂತೆ ಸ್ತ್ರೀಮುಕ್ತಿಯನ್ನು ಒಪ್ಪಿದವರು. ಆ ಸಂಘ ಈಗ ಎಲ್ಲಿಯೂ ಇಲ್ಲ. ವೈಯಾಕರಣ ಶಾಕಟಾಯನನಂತಹ ಕೆಲವರ ಕೃತಿಗಳನ್ನು ಬಿಟ್ಟರೆ ಅದರ ಇತಿಹಾಸವನ್ನು ನಾವು ಕಟ್ಟಿಕೊಳ್ಳುವುದು ಬಹುಮಟ್ಟಿಗೆ ಇಂತಹ ಕಲ್ಲುಗಳಿಂದಲೇ. ಮೊರಬದ ಕಲ್ಲಿನಲ್ಲಿ ಸಂಘದ ಹೆಸರನ್ನು ಬರೆಯದೆ ಬರಿಯ ಮುನಿಯೆಂದಷ್ಟೇ ಬರೆದಿದ್ದರೆ ಈ ಊರು ಯಾಪನೀಯರ ಇತಿಹಾಸದಿಂದ ಅಳಿಸಿಹೋಗುತ್ತಿತ್ತು. ಸ್ಮಾರಕದ ಮೇಲೆ ಅಲ್ಪಸಂಖ್ಯಾತರ ಗುರುತು ಉಳಿಯುವುದರ ಬೆಲೆ ಇದು.

ಆದರೆ ಈ ಸೀಮೆಯಲ್ಲಿ ಎಲ್ಲ ಕಾಲಕ್ಕೂ ಸೌಹಾರ್ದವಿತ್ತೆಂದು ಭಾವಿಸಬಾರದು. ಚೋಳನ ದಾಳಿಯಲ್ಲಿ ಅಣ್ಣಿಗೇರಿಯ ಬಸದಿಗೆ ಒದಗಿದ ಹಾನಿಯನ್ನೂ, ಲಕ್ಷ್ಮರಸನ ಕಾಲದಲ್ಲಿ ಅದು ಪುನರುದ್ಧಾರವಾದುದನ್ನೂ 1071-72ರ ಗಾವರವಾಡ ಶಾಸನ ಹೇಳುತ್ತದೆ. ಚಿಹ್ನೆಗಳನ್ನು ಮನ್ನಿಸುವ ವಾಡಿಕೆಯೂ ಅವನ್ನು ಕೆಡಹುವ ಯುದ್ಧವೂ ಒಂದೇ ನೆಲದಲ್ಲಿ ನಡೆದಿವೆ.

ಇಸ್ಲಾಂ ಮತದ ಯೋಧರ ವಿಷಯದಲ್ಲಿ ಪ್ರತಿಮೆಯುಳ್ಳ ವೀರಗಲ್ಲು ಹೊಂದುತ್ತಿರಲಿಲ್ಲ. ಅವರಿಗೆ ಬೇರೆಯ ರೂಪವೇ ಬೇಕಾಗಿತ್ತು. ವಿಜಯನಗರದಲ್ಲಿ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ ಖಾನನು 1439ರಲ್ಲಿ ಮಸೀದಿಯನ್ನು ಕಟ್ಟಿಸಿದನು. ಅದರ ಬಳಿ ಗೋರಿಗಳಿವೆ. ಕಟ್ಟಡವು ನಮ್ಮ ಮಂಟಪಗಳ ಶೈಲಿಯದು. ಕನ್ನಡದಲ್ಲಿರುವ ಶಾಸನ ಅದನ್ನು ಧರ್ಮಸಾಲೆಯೆಂದು ಕರೆದು, ಅರಸನಿಗೆ ಪುಣ್ಯವಾಗಲೆಂದು ಕಟ್ಟಿಸಿದುದೆಂದು ಹೇಳುತ್ತದೆ. ಪರಮತದ ಆಲಯಕ್ಕೆ ಎಲ್ಲರಿಗೂ ತಿಳಿಯುವ ಹೆಸರೊಂದನ್ನು ಆ ರಾಜಧಾನಿ ಕಂಡುಕೊಂಡಿತ್ತು.

ಆಧುನಿಕ ಯುದ್ಧಗಳು ಇದೇ ಸಮಸ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ತಂದೊಡ್ಡಿದವು. 1917ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗವು, 1918ರ ಕೆನ್ಯನ್ ವರದಿಯಂತೆ, ಅಧಿಕಾರಿಗೂ ಸಿಪಾಯಿಗೂ ಒಂದೇ ಆಕಾರದ ಕಲ್ಲನ್ನು ಗೊತ್ತುಪಡಿಸಿ, ಅದರ ಮೇಲೆ ಅವರವರ ಮತದ ಗುರುತನ್ನು ಕೆತ್ತಿಸಿತು. ಎಲ್ಲ ಸಮಾಧಿಗಳ ಮೇಲೂ ಶಿಲುಬೆಯೇ ನಿಲ್ಲಬೇಕೆಂಬ ಒತ್ತಾಯ ಆಗ ಇಂಗ್ಲೆಂಡಿನಲ್ಲಿ ಬಲವಾಗಿಯೇ ಇತ್ತು. 1920ರಲ್ಲಿ ಪಾರ್ಲಿಮೆಂಟಿನಲ್ಲಿ ಇದರ ಚರ್ಚೆಯಾಯಿತು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ 1927ರಲ್ಲಿ ಅನಾವರಣಗೊಂಡ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯ ಯೋಧರ ಹೆಸರುಗಳಿವೆ. ದೇವನೊಬ್ಬನೇ ಎಂಬ ಅರ್ಥದ ಬರೆಹ ಇಂಗ್ಲಿಷಿನ ಜೊತೆಗೆ ಅರಬಿ, ಹಿಂದಿ, ಗುರುಮುಖಿಗಳಲ್ಲಿಯೂ ಇದೆ.

ಆಕಾರ ಎಲ್ಲರಿಗೂ ಒಂದು, ಗುರುತು ಅವರವರದು. ಈ ತತ್ತ್ವದಲ್ಲಿ ವೀರಗಲ್ಲಿಗೂ ಆಯೋಗದ ಕಲ್ಲಿಗೂ ಸಾಮ್ಯ ಸ್ಪಷ್ಟವಾಗಿದೆ. ಭೇದವಿರುವುದು ಮನ್ನಣೆಯನ್ನು ಕೊಡುವವರಲ್ಲಿ. ಇಂದಿನ ಸರಕಾರಗಳು ಅಂಗೀಕೃತ ಚಿಹ್ನೆಗಳ ಪಟ್ಟಿಯನ್ನು ಇಟ್ಟುಕೊಳ್ಳುತ್ತವೆ. ಪಟ್ಟಿಯಲ್ಲಿಲ್ಲದವನು ವಾದಿಸಿ ಗೆಲ್ಲಬೇಕು. ಹಳೆಯ ಕಾಲದಲ್ಲಿ ಅಂತಹ ಪಟ್ಟಿಯಿರಲಿಲ್ಲ. ಬಂಧುಗಳೂ ಊರೂ ಕಲ್ಲುಕುಟಿಗನೂ ಸೇರಿ ನಿರ್ಣಯಿಸುತ್ತಿದ್ದರು. ಇದರಿಂದ ಸಣ್ಣ ಮತಕ್ಕೂ ಎಡೆ ದೊರೆಯಿತು; ಆದರೆ ಕಲ್ಲು ನಿಲ್ಲಿಸಲು ಯಾರೂ ಇಲ್ಲದವನಿಗೆ ಏನೂ ದೊರೆಯಲಿಲ್ಲ. ಪಟ್ಟಿಯ ಪದ್ಧತಿ ದಿಕ್ಕಿಲ್ಲದವನಿಗೂ ಕಲ್ಲನ್ನು ಕೊಡುತ್ತದೆ. ಆದರೆ ಗುರುತನ್ನು ತಡೆಯಲೂ ಬಲ್ಲದು.

ಸೆಟ್ಟರ್ ಮತ್ತು ಸೋಂಥೈಮರ್ ಅವರು ಸಂಪಾದಿಸಿದ ಸ್ಮಾರಕ ಶಿಲೆಗಳ ಗ್ರಂಥ 1982ರಲ್ಲಿ ಧಾರವಾಡದಿಂದಲೇ ಹೊರಬಂದಿತು. ಆದರೂ ಹಳ್ಳಿಗಳಲ್ಲಿ ಇನ್ನೂ ಮಾಡಬೇಕಾದ ಕೆಲಸ ಬಹಳ. ಎಣ್ಣೆ ಸುಣ್ಣಗಳಿಂದ ಮುಚ್ಚಿದ, ಹಾಸುಗಲ್ಲಾಗಿ ಬಳಸಿದ, ತುದಿ ಮುರಿದ ಕಲ್ಲುಗಳಲ್ಲಿ ಮೊದಲು ನಷ್ಟವಾಗುವುದು ಮೇಲಣ ಪಟ್ಟಿಕೆಯೇ. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಯು ತನ್ನ ಟಿಪ್ಪಣಿಯಲ್ಲಿ 'ಒಂದು ವೀರಗಲ್ಲು' ಎಂದಷ್ಟೇ ಬರೆದುಕೊಂಡು ಬಂದರೆ ಕಾಳಗ ದಾಖಲಾಗುತ್ತದೆ, ಕಾದಿದವನ ಮತ ದಾಖಲಾಗುವುದಿಲ್ಲ. ಮೇಲೆ ಲಿಂಗವಿದೆಯೋ ಜಿನನಿದ್ದಾನೋ, ಕೆತ್ತನೆ ಸವೆದಿದೆಯೋ, ಯಾರಾದರೂ ಬೇಕೆಂದೇ ಕೆತ್ತಿ ತೆಗೆದಿದ್ದಾರೋ ಎಂಬುದನ್ನು ತಪ್ಪದೆ ಗುರುತಿಸತಕ್ಕದ್ದು. ಅಂದು ಊರವರು ಮಡಿದವನಿಗೆ ಸಲ್ಲಿಸಿದ ಮನ್ನಣೆಯನ್ನು ಇಂದು ಕೆಡದಂತೆ ಉಳಿಸುವ ಹೊಣೆ ಅದನ್ನು ಓದಬಲ್ಲವರ ಮೇಲೆ ಬಿದ್ದಿದೆ.