ಕುಟುಂಬ ಬೆಂಬಲ (ಆಟಿಸಂ ಮತ್ತು ಎಡಿಎಚ್‌ಡಿ): ಇತಿಹಾಸ

ಆಟಿಸಂ ಅಥವಾ ಎಡಿಎಚ್‌ಡಿ ಇದೆಯೆಂದು ಖಚಿತವಾದ, ಇಲ್ಲವೇ ಇರಬಹುದೆಂಬ ಶಂಕೆಯಿರುವ ಮಕ್ಕಳ ಮನೆಯವರಿಗೆ ದೊರೆಯುವ ತಿಳಿವಳಿಕೆ, ತರಬೇತಿ, ಆಪ್ತಸಮಾಲೋಚನೆ ಹಾಗೂ ಕಾನೂನಿನ ಆಸರೆಯನ್ನು ಒಟ್ಟಾಗಿ ಕುಟುಂಬ ಬೆಂಬಲ ಎನ್ನುತ್ತಾರೆ. ಸ್ವಲೀನತೆ ಎಂದೂ ಕರೆಯಲಾಗುವ ಆಟಿಸಂನಲ್ಲಿ ಮಗು ಇತರರೊಡನೆ ಬೆರೆಯುವ, ಮಾತು ಮತ್ತು ಸನ್ನೆಗಳನ್ನು ಬಳಸುವ ರೀತಿ ಭಿನ್ನವಾಗಿದ್ದು, ಕೆಲವು ವರ್ತನೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ; ಎಡಿಎಚ್‌ಡಿಯಲ್ಲಿ ಗಮನವನ್ನು ಒಂದೆಡೆ ನಿಲ್ಲಿಸುವುದು, ಕೂತಲ್ಲಿ ಕೂರುವುದು, ದುಡುಕನ್ನು ತಡೆಯುವುದು ಓರಗೆಯ ಮಕ್ಕಳಿಗಿಂತ ಕಷ್ಟವಾಗಿರುತ್ತದೆ. ಆರೋಪಿಗಳ ಸ್ಥಾನದಲ್ಲಿ ನಿಂತಿದ್ದ ಹೆತ್ತವರು ಚಿಕಿತ್ಸೆಯ ಪಾಲುದಾರರಾದದ್ದೇ ಬಹುಮಟ್ಟಿಗೆ ಈ ಬೆಂಬಲದ ಇತಿಹಾಸ.

ಅಮೆರಿಕದ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತ ವರದಿಯಲ್ಲಿ ಆಟಿಸಂನ ಲಕ್ಷಣಗಳು ಹುಟ್ಟಿನಿಂದಲೇ ಬಂದಿರಬಹುದೆಂದು ಸೂಚಿಸಿದರೂ, ಮುಂದೆ ತಂದೆತಾಯಿಯರ ಭಾವಶೂನ್ಯತೆಯ ಬಗೆಗೂ ಬರೆದರು. ಈ ಎರಡನೆಯ ಮಾತೇ ಬಲಿತು, ಬ್ರೂನೊ ಬೆಟೆಲ್‌ಹೈಮ್ 1967ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಜನಪ್ರಿಯವಾಯಿತು. ಹಗಲಿರುಳು ಮಗುವನ್ನು ನೋಡಿಕೊಳ್ಳುತ್ತಿದ್ದ ತಾಯಿಯೇ ರೋಗಕ್ಕೆ ಕಾರಣಳೆಂಬ ಈ ನಿರಾಧಾರ ವಾದ ಮಾಡಿದ ಹಾನಿ ಸಣ್ಣದಲ್ಲ. ಸ್ವತಃ ಆಟಿಸಂ ಇರುವ ಮಗುವಿನ ತಂದೆಯೂ ಮನೋವಿಜ್ಞಾನಿಯೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಇದನ್ನು ಅಲ್ಲಗಳೆದು, ಕಾರಣವನ್ನು ಮಗುವಿನ ನರಮಂಡಲದಲ್ಲಿ ಹುಡುಕಬೇಕೆಂದು ವಾದಿಸಿದ್ದರು. ಲಂಡನ್ನಿನಲ್ಲಿ 1962ರಲ್ಲಿ, ಅಮೆರಿಕದಲ್ಲಿ 1965ರಲ್ಲಿ ಹೆತ್ತವರೇ ಸೇರಿ ಸಂಘಗಳನ್ನು ಕಟ್ಟಿದರು. ಅಮೆರಿಕದ ಸಂಘದ 1969ರ ಸಭೆಯಲ್ಲಿ ಕ್ಯಾನರ್ ಅವರೇ ನಿಂತು, ಹೆತ್ತವರು ನಿರ್ದೋಷಿಗಳೆಂದು ಬಹಿರಂಗವಾಗಿ ಸಾರಿದರು.

ಆರೋಪ ಕಳೆದ ಮಾತ್ರಕ್ಕೆ ನೆರವು ಸಿಕ್ಕಂತಾಗಲಿಲ್ಲ. ಆ ಕೊರತೆಯನ್ನು ತುಂಬಿದವರಲ್ಲಿ ಎರಿಕ್ ಶಾಪ್ಲರ್ ಮುಖ್ಯರು. ನಾರ್ತ್ ಕ್ಯಾರೊಲೈನಾದಲ್ಲಿ ಅವರು ರಾಬರ್ಟ್ ರೈಕ್ಲರ್ ಅವರೊಡನೆ ರೂಪಿಸಿದ, 1972ರಲ್ಲಿ ರಾಜ್ಯವ್ಯಾಪಿಯಾದ ‘ಟೀಚ್’ ಕಾರ್ಯಕ್ರಮದಲ್ಲಿ ತಂದೆತಾಯಿಯರಿಗೆ ಸಹಚಿಕಿತ್ಸಕರ ಸ್ಥಾನವಿತ್ತು: ಚಿಕಿತ್ಸಕರು ಮಗುವಿಗೆ ಕಲಿಸುವುದನ್ನು ಅವರು ಏಕಮುಖ ಗಾಜಿನ ಆಚೆಯಿಂದ ನೋಡುತ್ತಿದ್ದರು, ಆಮೇಲೆ ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳನ್ನು ಒಯ್ದು, ತಾವು ಅವನ್ನು ಮಾಡಿಸುವ ಬಗೆಯನ್ನು ಚಿಕಿತ್ಸಕರ ಮುಂದೆ ತೋರಿಸುತ್ತಿದ್ದರು.

ಭಾರತದಲ್ಲಿಯೂ ಮೊದಲ ಹೆಜ್ಜೆಗಳಲ್ಲಿ ತಾಯಂದಿರದು ದೊಡ್ಡ ಪಾಲು. ಮೇರಿ ಬರುವಾ 1991ರಲ್ಲಿ ದೆಹಲಿಯಲ್ಲಿ ಆರಂಭಿಸಿದ ‘ಆಕ್ಷನ್ ಫಾರ್ ಆಟಿಸಂ’ ಸಂಸ್ಥೆಯು ಹೆತ್ತವರು ಮಗುವಿನೊಡನೆ ಬಂದು ಕಲಿಯುವ ತರಬೇತಿಯನ್ನು ರೂಪಿಸಿತು. ಬೆಂಗಳೂರಿನಲ್ಲಿ ವಾಕ್ಚಿಕಿತ್ಸಾ ತಜ್ಞೆ ಪ್ರತಿಭಾ ಕಾರಂತ ಅವರ ‘ಕಾಮ್ ಡೀಲ್’ ಚಿಕ್ಕ ಮಕ್ಕಳ ಮಾತು ಮತ್ತು ಸಂವಹನಕ್ಕೆ ಆದ್ಯತೆ ನೀಡಿತು. ಅಂಗವೈಕಲ್ಯವುಳ್ಳ ಮಕ್ಕಳ ಹೆತ್ತವರನ್ನೆಲ್ಲ ಕಾಡುವ, ‘ನಮ್ಮ ನಂತರ ಮಗುವಿಗೆ ಯಾರು?’ ಎಂಬ ಚಿಂತೆಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಕಾನೂನಿನ ಉತ್ತರ ನೀಡಿತು. ಆಟಿಸಂ ಇರುವ ವ್ಯಕ್ತಿಗೆ 18 ವರ್ಷ ತುಂಬಿದ ಮೇಲೂ ಪೋಷಕರನ್ನು ನೇಮಿಸಲು ಅದು ಜಿಲ್ಲಾ ಮಟ್ಟದ ಸಮಿತಿಗಳಿಗೆ ಅಧಿಕಾರ ಕೊಟ್ಟಿತು.

ತಜ್ಞರು ವಿರಳವಾದ ಊರುಗಳಿಗೆ ನೆರವನ್ನು ಮುಟ್ಟಿಸುವ ಪ್ರಯತ್ನಗಳಲ್ಲಿ ಗೋವಾ ಮತ್ತು ರಾವಲ್ಪಿಂಡಿಯಲ್ಲಿ 65 ಮಕ್ಕಳ ಕುಟುಂಬಗಳೊಡನೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಗಮನಾರ್ಹ. ಅದರಲ್ಲಿ ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಹೆತ್ತವರು ಮಗುವಿನೊಡನೆ ಆಡುವುದನ್ನು ವಿಡಿಯೊದಲ್ಲಿ ಸೆರೆಹಿಡಿದು, ಅದನ್ನು ಅವರ ಜತೆ ಕೂತು ನೋಡುತ್ತ, ಮಗುವಿನ ನೋಟಕ್ಕೋ ಸನ್ನೆಗೋ ಅವರು ಸರಿಯಾಗಿ ಸ್ಪಂದಿಸಿದ ಗಳಿಗೆಗಳನ್ನು ಗುರುತಿಸಿಕೊಟ್ಟರು. ಮಗುವಿನೊಡನೆ ಹೊಂದಿಕೊಂಡು ವ್ಯವಹರಿಸುವ ಹೆತ್ತವರ ರೀತಿಯೂ, ಮಗು ತಾನಾಗಿ ಸಂವಹನಕ್ಕೆ ತೊಡಗುವುದೂ ಸುಧಾರಿಸಿದವು.

ಎಡಿಎಚ್‌ಡಿಯ ಕುಟುಂಬಗಳ ಸಂಘಟನೆ ತಡವಾಗಿ ಬಂತು; ಅಮೆರಿಕದ ‘ಚಾಡ್’ ಹುಟ್ಟಿದ್ದು 1987ರಲ್ಲಿ. ಒಂದೇ ಮಗುವಿನಲ್ಲಿ ಎರಡೂ ಸ್ಥಿತಿಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಅವಕಾಶ ನೀಡಿದ್ದು 2013ರಲ್ಲಿ. ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ ಅನುಸೂಚಿಯಲ್ಲಿ ಆಟಿಸಂಗೂ ನಿರ್ದಿಷ್ಟ ಕಲಿಕಾ ನ್ಯೂನತೆಗೂ ಸ್ಥಾನ ಸಿಕ್ಕಿತಾದರೂ, ಎಡಿಎಚ್‌ಡಿಯನ್ನು ಅಲ್ಲಿ ಪ್ರತ್ಯೇಕವಾಗಿ ಹೆಸರಿಸಿಲ್ಲ.