ರಂಗದ ಮಟ್ಟುಗಳು ಬೆಳ್ಳಿತೆರೆಗೆ ಬಂದ ಬಗೆ

ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಆ ಬಳಿಕ ಉಸ್ಮಾನಾಬಾದ ಜಿಲ್ಲೆಗೆ ಸೇರಿ, 1982ರಲ್ಲಿ ಹೊಸದಾಗಿ ರಚಿತವಾದ ಲಾತೂರ ಜಿಲ್ಲೆಯೊಳಗೆ ಬಂದವು. ಉಮರ್ಗಾ ಇಂದು ಧಾರಾಶಿವ ಜಿಲ್ಲೆಯಲ್ಲಿದೆ. ಗಡಿಯ ಗೆರೆ ಹೀಗೆ ಎಷ್ಟು ಸರಿದರೂ ಇಲ್ಲಿಯ ಎಷ್ಟೋ ಮನೆಗಳಲ್ಲಿ ಅಡಿಗೆಮನೆಯ ಮಾತು ಕನ್ನಡ, ಪೇಟೆಯ ಮಾತು ಮರಾಠಿ ಆಗಿ ಉಳಿದಿದೆ. ಇಂಥ ನೆಲದಲ್ಲಿ ನಾಟಕದ ಪದವು ಒಂದೇ ಭಾಷೆಯ ಸೊತ್ತಾಗಿ ಉಳಿಯುವುದು ಸಾಧ್ಯವಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಸ್ನೇಹಸಮ್ಮೇಳನದಲ್ಲಿ ಒಬ್ಬ ವಿದ್ಯಾರ್ಥಿ ಒಂದು ನಾಟ್ಯಗೀತವನ್ನು ಸೊಗಸಾಗಿ ಹಾಡಿದನು. ‘ಇದು ಯಾರ ಚಾಲು, ತಮ್ಮಾ?’ ಎಂದು ಕೇಳಿದೆ. ‘ಸಿನೇಮಾದ್ದು, ಸರ್’ ಎಂದನು. ಪಕ್ಕದಲ್ಲಿ ಪೇಟಿ ಹಿಡಿದು ಕುಳಿತಿದ್ದ ಹಿರಿಯರು ನನ್ನ ಮುಖ ನೋಡಿ ಸುಮ್ಮನಾದರು. ಹುಡುಗನದೇನೂ ತಪ್ಪಿರಲಿಲ್ಲ, ನಾವು ಅವನಿಗೆ ಹೇಳಿಕೊಟ್ಟಿರಲಿಲ್ಲ. ಈ ಲೇಖನಕ್ಕೆ ಆ ಒಂದು ಮಾತೇ ಕಾರಣ.

ಮರಾಠಿ ಸಂಗೀತ ನಾಟಕದ ಹಳೆಯ ಪುಸ್ತಕಗಳನ್ನು ತೆರೆದರೆ ಪದದ ನೆತ್ತಿಯ ಮೇಲೆ ‘ಚಾಲ’ ಎಂಬ ಸೂಚನೆ ಕಾಣುತ್ತದೆ. ಯಾವ ಹಳೆಯ ಹಾಡಿನ ಧಾಟಿಯಲ್ಲಿ ಇದನ್ನು ಹಾಡಬೇಕೆಂಬುದನ್ನು ಅದು ತಿಳಿಸುತ್ತದೆ. ನಮ್ಮ ಕಂಪನಿ ನಾಟಕದವರು ಇದನ್ನೇ ‘ಮಟ್ಟು’ ಎಂದರು. ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಜನಿಸಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಅವರ ‘ಶಾಕುಂತಲ’ 1880ರಲ್ಲಿ, ‘ಸೌಭದ್ರ’ 1882ರಲ್ಲಿ ಪುಣೆಯ ರಂಗವನ್ನೇರಿದವು. ಇವುಗಳಲ್ಲಿ ಕನ್ನಡದ ಧಾಟಿಗಳೂ ಸೇರಿವೆ. ಸಾಲ ಪಡೆದುದನ್ನು ಮುಚ್ಚಿಡದೆ ಪದದ ಮೇಲೆಯೇ ಬರೆದಿಟ್ಟ ಆ ಪ್ರಾಮಾಣಿಕತೆ ಗಮನಾರ್ಹವಾದುದು.

ಇನ್ನು ರಂಗದ ಹಾಡಿಕೆಯ ರೀತಿ. ಪೇಟಿ ಅಥವಾ ಆರ್ಗನ್, ಸಾರಂಗಿ, ತಬಲಾ: ಇಷ್ಟೇ ಸಾಥಿ. ಬಾಲಗಂಧರ್ವರಿಗೆ ಅಹಮದ್‌ಜಾನ್ ತಿರಕವಾ ಅವರಂಥವರ ತಬಲೆಯಿತ್ತು. ಪದಕ್ಕೆ ಇಂತಿಷ್ಟೇ ಹೊತ್ತೆಂಬ ಕಟ್ಟಿರಲಿಲ್ಲ. ಪ್ರೇಕ್ಷಕರು ‘ವನ್ಸ್ ಮೋರ್’ ಎಂದರೆ ಮತ್ತೆ ಮೊದಲಿನಿಂದ. ರಾತ್ರಿ ಕಳೆದು ಬೆಳಗಾಗುವುದೂ ಉಂಟು. ಸಾಥಿದಾರರು ನಟನ ಉಸಿರನ್ನು ನೋಡಿಕೊಂಡು ನುಡಿಸುತ್ತಿದ್ದರು. ಅವರ ಮುಂದೆ ಬರೆದಿಟ್ಟ ಸ್ವರಲಿಪಿಗಿಂತ ನಟನ ಮುಖವೇ ಮುಖ್ಯವಾಗಿತ್ತು.

ಮಾತಿನ ಚಿತ್ರ ಬಂದಾಗ ಈ ಪದ್ಧತಿ ಮೊದಲ ಪೆಟ್ಟು ತಿಂದಿತು. ಆದರೆ ಪೆಟ್ಟು ಕೊಟ್ಟವರೂ ರಂಗದವರೇ. 1932ರಲ್ಲಿ ಕೊಲ್ಹಾಪುರದ ಪ್ರಭಾತ ಕಂಪನಿಯು ‘ಅಯೋಧ್ಯೇಚಾ ರಾಜಾ’ ತೆಗೆದಾಗ ಹರಿಶ್ಚಂದ್ರನಾಗಿ ನಟಿಸಿ ಸಂಗೀತವನ್ನೂ ಕೊಟ್ಟವರು ಗೋವಿಂದರಾವ ಟೇಂಬೆ. 1911ರ ‘ಮಾನಾಪಮಾನ’ ನಾಟಕಕ್ಕೆ ಚಾಲು ಕಟ್ಟಿದವರೂ ಅವರೇ. ಅದೇ ಕೊಲ್ಹಾಪುರದ ಛತ್ರಪತಿ ಸಿನೆಟೋನಿನಲ್ಲಿ ನಮ್ಮ ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನಾ’ ಸಿದ್ಧವಾಗಿ 1934ರಲ್ಲಿ ತೆರೆ ಕಂಡಿತು. ರಾವಣನ ಪಾತ್ರವನ್ನೂ ಸಂಗೀತದ ಹೊಣೆಯನ್ನೂ ಹೊತ್ತವರು ಆರ್. ನಾಗೇಂದ್ರರಾಯರು, ಇಂದ್ರಜಿತುವಾದವರು ಸುಬ್ಬಯ್ಯನಾಯ್ಡು, ಮಾತು, ಹಾಡು ಬೆಳ್ಳಾವೆ ನರಹರಿಶಾಸ್ತ್ರಿಗಳವು. ಮೂವರೂ ವೃತ್ತಿರಂಗಭೂಮಿಯ ಅನ್ನ ಉಂಡವರು. ಕನ್ನಡದ ತೆರೆ ಮರಾಠಿ ಊರಿನಲ್ಲಿ ಮೊದಲ ಹಾಡು ಕಲಿತಿತೆಂಬುದು ಗಡಿನಾಡಿನ ನಮಗೆ ಹೆಮ್ಮೆಯ ವಿಷಯ.

ಆಗ ನಟನು ಕ್ಯಾಮೆರಾದ ಎದುರಿಗೇ ಹಾಡಬೇಕು. ವಾದ್ಯದವರು ಚೌಕಟ್ಟಿನ ಆಚೆ ಅಡಗಿ ನುಡಿಸಬೇಕು. ಆದುದರಿಂದ ವಾದ್ಯಗಳು ಕಡಿಮೆ, ಮಟ್ಟು ರಂಗದ್ದೇ. 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್‌ನವರು ‘ಭಾಗ್ಯಚಕ್ರ’ದಲ್ಲಿ ರಾಯಚಂದ ಬೋರಾಲರ ಸಂಗೀತದೊಡನೆ ಹಾಡನ್ನು ಮುಂಗಡ ಮುದ್ರಿಸಿ, ಬಳಿಕ ಚಿತ್ರ ತೆಗೆಯುವ ಹಿನ್ನೆಲೆ ಗಾಯನವನ್ನು ತಂದರು. ಅಲ್ಲಿಂದ ಎಲ್ಲವೂ ಬದಲಾಯಿತು. ಗ್ರಾಮಫೋನು ತಟ್ಟೆಯ ಒಂದು ಬದಿಗೆ ಸುಮಾರು 3 ನಿಮಿಷ. ಹಾಡು ಅಷ್ಟರೊಳಗೆ ಮುಗಿಯಬೇಕು. ಆಲಾಪ ಹೋಯಿತು, ಅದರ ಸ್ಥಳಕ್ಕೆ ಹಾಡಿನ ಮೊದಲಿಗೂ ಚರಣಗಳ ನಡುವೆಯೂ ಪಿಟೀಲು, ಕೊಳಲುಗಳ ಮೇಳ ಬಂದಿತು. ಹತ್ತಾರು ಜನ ಒಟ್ಟಿಗೆ ನುಡಿಸಬೇಕಾದರೆ ಪ್ರತಿಯೊಬ್ಬನ ಪಾಲನ್ನು ಮೊದಲೇ ಗೊತ್ತುಮಾಡಬೇಕು; ಉಸಿರು ನೋಡಿ ನುಡಿಸುವುದು ಸಾಗದು. ಗುಬ್ಬಿ ಕಂಪನಿಯ ನಾಟಕವು 1954ರಲ್ಲಿ ಎಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರವಾದಾಗ, ನಾಯಕ ರಾಜಕುಮಾರರು ಕಂಪನಿಯಿಂದಲೇ ಬಂದರು. ಸಂಗೀತ ಮಾತ್ರ ಮದರಾಸಿನ ಸ್ಟುಡಿಯೋದ ಆರ್. ಸುದರ್ಶನಂ ಅವರದಾಯಿತು.

ಈ ಕಾರ್ಯ ಇಂದಿಗೂ ನಿಂತಿಲ್ಲ. ಜಿತೇಂದ್ರ ಅಭಿಷೇಕಿಯವರು ಚಾಲು ಕಟ್ಟಿದ 1967ರ ‘ಕಟ್ಯಾರ ಕಾಳಜಾತ ಘುಸಲೀ’ ನಾಟಕವು 2015ರಲ್ಲಿ ಚಿತ್ರವಾಯಿತು. ಶಂಕರ–ಎಹಸಾನ್–ಲಾಯ್ ಅವರು ಹಳೆಯ ಪದಗಳ ಜೊತೆಗೆ ತಮ್ಮ ಹೊಸ ಹಾಡುಗಳನ್ನು ಕೂಡಿಸಿದರು. 2025ರಲ್ಲಿ ‘ಸಂಗೀತ ಮಾನಾಪಮಾನ’ವೂ ಅವರದೇ ಸಂಗೀತದಲ್ಲಿ ತೆರೆಗೆ ಬಂದಿತು, ಟೇಂಬೆಯವರಿಂದ ಇಲ್ಲಿಗೆ 114 ವರ್ಷ! ಇದನ್ನು ಬರಿಯ ನಷ್ಟವೆನ್ನುವುದು ಅನ್ಯಾಯ. ಚಿತ್ರ ಬಾರದಿದ್ದರೆ ನಮ್ಮ ಹುಡುಗನು ಆ ಪದವನ್ನು ಹಾಡುತ್ತಲೇ ಇರಲಿಲ್ಲ.

ಆದರೆ ಒಂದು ಮಾತಿದೆ. ‘ಅಯೋಧ್ಯೇಚಾ ರಾಜಾ’ ಉಳಿದಿರುವುದರಿಂದ ಟೇಂಬೆಯವರ ದನಿ ನಮಗೆ ಇಂದೂ ಕೇಳುತ್ತದೆ. ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ, ರಾವಣನಾಗಿ ನಾಗೇಂದ್ರರಾಯರು ಹೇಗೆ ಹಾಡಿದರೆಂಬುದನ್ನು ಆ ಚಿತ್ರದಿಂದ ನಾವು ಇನ್ನು ಕೇಳುವಂತಿಲ್ಲ. ಸುರುಳಿ ಸುಟ್ಟೀತು, ಕರಗೀತು. ಪದದ ನೆತ್ತಿಯ ಮೇಲೆ ಬರೆದ ಒಂದು ಸಾಲು ಉಳಿದೀತು. ಚಿತ್ರದ ಹಾಡಿಗೆ ಆ ಸಾಲನ್ನು ಬರೆಯುವ ರೂಢಿಯೇ ತಪ್ಪಿಹೋಗಿದೆ.

ಶಿಕ್ಷಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ. ನಮ್ಮ ಮೂರೂ ತಾಲೂಕುಗಳ ಹಳ್ಳಿಗಳಲ್ಲಿ ಪೇಟಿ ನುಡಿಸುವ, ನಾಟಕದ ಪದ ಬಲ್ಲ ವೃದ್ಧರಿದ್ದಾರೆ. ರಜೆಯಲ್ಲಿ ಹೋಗಿ ಕುಳಿತು ಪದ, ರಾಗ, ತಾಳ, ಮೂಲದ ಮಟ್ಟು ಎಂಬ ನಾಲ್ಕನ್ನು ಬರೆದುಕೊಳ್ಳಿರಿ. ಕನ್ನಡದ್ದೋ ಮರಾಠಿಯದ್ದೋ ಎಂಬ ವಾದ ಆಮೇಲಿರಲಿ. ಮುಂದಿನ ಸ್ನೇಹಸಮ್ಮೇಳನದಲ್ಲಿ ಹುಡುಗನೊಬ್ಬನು ಹಾಡುವ ಮುಂಚೆ, ‘ಇದು ಇಂಥವರ ಚಾಲು’ ಎಂದು ಹೇಳಿ ಹಾಡಿದರೆ ಸಾಕು. ಆ ಪೇಟಿಯ ಹಿರಿಯರು ಸುಮ್ಮನಿರಲಾರರು.